ಆಪೆರಾನ್ ಹುಡುಕುವ ತಂತ್ರಾಂಶ: ಉತ್ತರ ಬಂದರಷ್ಟೇ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಬ್ಯಾಕ್ಟೀರಿಯಾದ ಜೀನೋಮನ್ನು, ಅಂದರೆ ಅದರ ಇಡೀ ಡಿಎನ್‌ಎಯನ್ನು, ಇಂದು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ವಿಶ್ಲೇಷಿಸಬಹುದು ಎಂದು ನಿಮ್ಮ ವಿಜ್ಞಾನ ಪುಟದ ಲೇಖನ ಹೇಳಿದ್ದು ಸರಿ. ಸುಮಾರು 46 ಲಕ್ಷ ಬೇಸ್‌ಗಳಿರುವ (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ) ಇ. ಕೊಲೈ ಬ್ಯಾಕ್ಟೀರಿಯಾದ ಜೀನೋಮ್‌ನಲ್ಲಿ ಜೀನ್‌ಗಳನ್ನು ಗುರುತಿಸಲು ಪ್ರಾಡಿಗಲ್ ಎಂಬ ತಂತ್ರಾಂಶಕ್ಕೆ ಒಂದು ನಿಮಿಷವೂ ಬೇಡ. ನಮ್ಮ ತಕರಾರಿರುವುದು ಲೇಖನದ ಕೊನೆಯ ಮಾತಿನ ಬಗ್ಗೆ. ಯಾವ ಜೀನ್‌ಗಳು ಒಂದೇ ಆಪೆರಾನ್‌ಗೆ (ಒಟ್ಟಿಗೆ ಚಾಲೂ ಆಗುವ ಅಕ್ಕಪಕ್ಕದ ಜೀನ್‌ಗಳ ಗುಂಪಿಗೆ) ಸೇರಿವೆ, ಅವುಗಳ ಹಿಡಿತ ಯಾವ ಪ್ರೋಟೀನ್‌ನ ಕೈಯಲ್ಲಿದೆ ಎಂಬುದನ್ನೂ ತಂತ್ರಾಂಶವೇ ಹೇಳಿಬಿಡುತ್ತದೆ ಎಂದು ಅಲ್ಲಿದೆ. ತಂತ್ರಾಂಶ ಕೊಡುವುದು ಊಹೆಗಳ ಪಟ್ಟಿ. ಆ ಪಟ್ಟಿ ಎಷ್ಟು ನಂಬಲರ್ಹ ಎಂಬುದು ನಾವು ಕೊಟ್ಟ ಕಡತ ಮತ್ತು ಮಿತಿಗಳ ಮೇಲೆ ನಿಂತಿದೆ.

ಫ್ರೆಂಚ್ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೊ 1961ರಲ್ಲಿ ಆಪೆರಾನ್ ಕಲ್ಪನೆಯನ್ನು ವಿವರಿಸಿದ್ದು ಲ್ಯಾಕ್ಟೋಸ್ ಸಕ್ಕರೆಯನ್ನು ಬಳಸಿಕೊಳ್ಳುವ ಜೀನ್‌ಗಳನ್ನು ಇಟ್ಟುಕೊಂಡೇ. ಅದೇ ಉದಾಹರಣೆ ತೆಗೆದುಕೊಳ್ಳೋಣ. ಆಪೆರಾನ್ ಊಹಿಸುವ ಬಹುತೇಕ ತಂತ್ರಾಂಶಗಳು ಮೊದಲು ನೋಡುವುದು ಎರಡು ಸಂಗತಿ: ಅಕ್ಕಪಕ್ಕದ ಜೀನ್‌ಗಳು ಡಿಎನ್‌ಎಯ ಎರಡು ಎಳೆಗಳ ಪೈಕಿ ಒಂದೇ ಎಳೆಯಲ್ಲಿವೆಯೇ, ನಡುವಿನ ಅಂತರ ಎಷ್ಟು. ಇ. ಕೊಲೈನ ಎಂಜಿ1655 ಎಂಬ ತಳಿಯಲ್ಲಿ ಈ ಆಪೆರಾನ್‌ನ ಮೂರು ಜೀನ್‌ಗಳ ಪೈಕಿ ಲ್ಯಾಕ್-ಝೆಡ್ ಮತ್ತು ಲ್ಯಾಕ್-ವೈ ನಡುವೆ 51 ಬೇಸ್, ಲ್ಯಾಕ್-ವೈ ಮತ್ತು ಲ್ಯಾಕ್-ಎ ನಡುವೆ 65 ಬೇಸ್ ಅಂತರವಿದೆ. ಅಂತರದ ಮಿತಿಯನ್ನು 50ಕ್ಕೆ ಇಟ್ಟರೆ ಪಠ್ಯಪುಸ್ತಕದ ಆಪೆರಾನ್ ಮೂರು ಚೂರಾಗುತ್ತದೆ. ಸರಿ, 150ಕ್ಕೆ ಏರಿಸೋಣ ಎಂದರೆ, ಅದೇ ಎಳೆಯಲ್ಲಿ 122 ಬೇಸ್ ಆಚೆ ಕೂತಿರುವ ಲ್ಯಾಕ್-ಐ ಕೂಡ ಒಳಗೆ ಬಂದುಬಿಡುತ್ತದೆ. ಅದು ಆಪೆರಾನನ್ನು ತಡೆಹಿಡಿಯುವ ಪ್ರೋಟೀನ್‌ನ ಜೀನ್. ಅದರ ಪ್ರೊಮೋಟರೇ (ಜೀನ್‌ನ ಓದು ಶುರು ಮಾಡಿಸುವ ಜಾಗ) ಬೇರೆ. 100 ಎಂದು ಇಟ್ಟರೆ ಇಲ್ಲಿ ಸರಿಹೋಗುತ್ತದೆ, ನಿಜ. ಆದರೆ ಉತ್ತರ ಗೊತ್ತಿದ್ದ ಕಡೆ ಮಿತಿ ಹೊಂದಿಸುವುದು ಸುಲಭ. ಹೊಸ ಬ್ಯಾಕ್ಟೀರಿಯಾದಲ್ಲಿ ಆ ಅನುಕೂಲವಿಲ್ಲ. ಅಂತರದ ಜೊತೆಗೆ, ಬೇರೆ ಪ್ರಭೇದಗಳಲ್ಲೂ ಆ ಜೀನ್‌ಗಳು ಹಾಗೇ ಅಕ್ಕಪಕ್ಕ ಉಳಿದಿವೆಯೇ, ನಡುವೆ ಟರ್ಮಿನೇಟರ್ (ಓದು ನಿಲ್ಲಿಸುವ ಜಾಗ) ಇದೆಯೇ ಎಂಬುದನ್ನೂ ನೋಡಬೇಕು.

ಅಂತರದ ಲೆಕ್ಕವೂ ತಪ್ಪುವುದುಂಟು. ಜೀನ್‌ಗಳ ಸ್ಥಾನ ಬರೆದಿಡುವ ಜಿಎಫ್‌ಎಫ್ ಕಡತದಲ್ಲಿ ಎಣಿಕೆ 1ರಿಂದ ಶುರು, ಕೊನೆಯ ಬೇಸೂ ಸೇರಿರುತ್ತದೆ. ಅದೇ ಕೆಲಸದ ಬೆಡ್ ಕಡತದಲ್ಲಿ ಎಣಿಕೆ 0ಯಿಂದ, ಕೊನೆಯ ಸಂಖ್ಯೆ ಸೇರುವುದಿಲ್ಲ. ಜಿಎಫ್‌ಎಫ್‌ನಲ್ಲಿ ಅಂತರವೆಂದರೆ ಮುಂದಿನ ಜೀನ್‌ನ ಆರಂಭದಿಂದ ಹಿಂದಿನದರ ಅಂತ್ಯ ಕಳೆದು, ಇನ್ನೊಂದು ಕಳೆಯಬೇಕು. ಬೆಡ್‌ನಲ್ಲಿ ಆ ಒಂದನ್ನು ಕಳೆಯಬಾರದು. ಒಂದು ಬೇಸ್‌ಗೆ ಇಷ್ಟು ಗಲಾಟೆ ಏಕೆ ಎನ್ನಬೇಡಿ. ಆಪೆರಾನ್ ಒಳಗೆ ಎ-ಟಿ-ಜಿ-ಎ ಎಂಬ ನಾಲ್ಕು ಬೇಸ್‌ಗಳನ್ನು ಎರಡು ಜೀನ್‌ಗಳು ಹಂಚಿಕೊಳ್ಳುವುದು ತೀರಾ ಸಾಮಾನ್ಯ: ಎಟಿಜಿ ಮುಂದಿನದರ ಆರಂಭ, ಟಿಜಿಎ ಹಿಂದಿನದರ ಅಂತ್ಯ. ಲೆಕ್ಕ ಸರಿಯಿದ್ದರೆ ಅಂತರಗಳ ಪಟ್ಟಿಯಲ್ಲಿ ಋಣ 4ರಲ್ಲಿ ಎದ್ದು ಕಾಣುವ ಶಿಖರ ಬರಬೇಕು. ಅದು ಋಣ 3ರಲ್ಲೋ 5ರಲ್ಲೋ ಬಂದರೆ ಎಣಿಕೆ ತಪ್ಪಿದೆ ಎಂದೇ ಅರ್ಥ. ಇಷ್ಟು ಅಗ್ಗದ ಪರೀಕ್ಷೆ ಬೇರೊಂದಿಲ್ಲ, ಆದರೂ ಮಾಡುವವರು ಕಡಿಮೆ.

ಇದಕ್ಕಿಂತ ದೊಡ್ಡ ಅನಾಹುತ ಜೀನೋಮ್ ಅನುಕ್ರಮದ ಆವೃತ್ತಿಗಳದ್ದು. ಇದೇ ಎಂಜಿ1655ರ ಹಳೆಯ ಆವೃತ್ತಿಯ ಉದ್ದ 46,39,675 ಬೇಸ್, ಈಗ ಬಳಕೆಯಲ್ಲಿರುವುದರ ಉದ್ದ 46,41,652. ಲ್ಯಾಕ್-ಝೆಡ್ ಹಳೆಯದರಲ್ಲಿ 362455ರಿಂದ 365529ರವರೆಗೆ. ಹೊಸದರಲ್ಲಿ 363231ರಿಂದ 366305ರವರೆಗೆ. ಅಂದರೆ 776 ಬೇಸ್ ಸರಿದಿದೆ. ಈ ಜೀನ್ ಹಿಮ್ಮುಖ ಎಳೆಯಲ್ಲಿರುವುದರಿಂದ ಅದರ ಆರಂಭ ದೊಡ್ಡ ಸಂಖ್ಯೆಯ ಕಡೆ ಇದೆ. ಹಳೆಯ ಜೀನ್ ಪಟ್ಟಿಯನ್ನು ಹೊಸ ಅನುಕ್ರಮಕ್ಕೆ ಜೋಡಿಸಿ ಜೀನ್‌ಗೆ ಹಿಂದಿನ 400 ಬೇಸ್ ಕತ್ತರಿಸಿದರೆ ಸಿಗುವುದು 365530ರಿಂದ 365929ರವರೆಗಿನ ತುಂಡು. ಅದಷ್ಟೂ ಲ್ಯಾಕ್-ಝೆಡ್‌ನ ಹೊಟ್ಟೆಯೊಳಗಿದೆ. ತಂತ್ರಾಂಶ ದೂರು ಹೇಳುವುದಿಲ್ಲ, ಪ್ರೊಮೋಟರ್ ಇರಬಾರದ ಜಾಗದಲ್ಲಿ ಪ್ರೊಮೋಟರ್ ಹುಡುಕುತ್ತಾ ಹೋಗುತ್ತದೆ. ಇಂಥ ತುಂಡು ಕತ್ತರಿಸುವ ಬೆಡ್‌ಟೂಲ್ಸ್ ತಂತ್ರಾಂಶದಲ್ಲಿ ಎಳೆಯನ್ನು ಗಮನಿಸುವ ‘ಎಸ್’ ಆಯ್ಕೆ ಮರೆತರೂ ಇಂಥದ್ದೇ ಫಜೀತಿ: ಹಿಮ್ಮುಖ ಜೀನ್‌ಗಳಿಗೆ ಹಿಂದಿನ ಭಾಗದ ಬದಲು ಮುಂದಿನ ಭಾಗ ಬರುತ್ತದೆ. ಕತ್ತರಿಸಿದ ಮೇಲೆ ಎರಡೂ ಎಳೆಗಳಿಂದ ನಾಲ್ಕಾರು ಜೀನ್ ಆರಿಸಿ, ತುಂಡಿನ ಕೊನೆಗೆ ತಾಗಿಕೊಂಡೇ ಜೀನ್‌ನ ಆರಂಭ ಸೂಚಿಸುವ ಎಟಿಜಿ, ಜಿಟಿಜಿ ಅಥವಾ ಟಿಟಿಜಿ ಇದೆಯೇ ಎಂದು ಕಣ್ಣಿಂದ ನೋಡುವುದು ಕಡ್ಡಾಯ. (ಮೇಲೆ ಹೇಳಿದ ಲ್ಯಾಕ್-ಐ ಶುರುವಾಗುವುದೇ ಜಿಟಿಜಿಯಿಂದ, ಎಟಿಜಿ ಮಾತ್ರ ಹುಡುಕಿದರೆ ಸರಿಯಾದದ್ದನ್ನೂ ತಪ್ಪೆನ್ನುತ್ತೀರಿ.)

ಇನ್ನು ನಿಯಂತ್ರಕ ಪ್ರೋಟೀನ್ ಕೂರುವ ತಾಣಗಳ ಹುಡುಕಾಟ. ಗೊತ್ತಿರುವ ತಾಣಗಳಿಂದ ಒಂದು ಮಾದರಿ ಮಾಡಿ ಫಿಮೊದಂಥ ತಂತ್ರಾಂಶಕ್ಕೆ ಕೊಡುತ್ತೇವೆ. ಅದರ ಪೂರ್ವನಿಗದಿತ ಮಿತಿ (ಆಕಸ್ಮಿಕ ಹೊಂದಾಣಿಕೆಯ ಸಂಭವ) ಹತ್ತು ಸಾವಿರಕ್ಕೆ ಒಂದು. ಕೇಳಲು ಬಿಗಿಯಾಗಿದೆ. ಆದರೆ 46.4 ಲಕ್ಷ ಬೇಸ್, ಎರಡು ಎಳೆ, ಒಟ್ಟು ಸುಮಾರು 93 ಲಕ್ಷ ಸ್ಥಾನ. ಬರೀ ಆಕಸ್ಮಿಕದಿಂದಲೇ ಸುಮಾರು 930 ತಾಣಗಳು ಸಿಗಬೇಕು. ಹುಡುಕಾಟವನ್ನು ಜೀನ್ ಹಿಂದಿನ ಭಾಗಗಳಿಗೆ ಸೀಮಿತಗೊಳಿಸಿ, ಅನೇಕ ಪರೀಕ್ಷೆಗಳಿಗೆ ತಿದ್ದಿದ ಕ್ಯೂ-ಮೌಲ್ಯವನ್ನು (ಪಟ್ಟಿಯಲ್ಲಿ ಸುಳ್ಳಾಗಿರಬಹುದಾದ ಪಾಲಿನ ಅಂದಾಜನ್ನು) ನೋಡದ ಪಟ್ಟಿಗೆ ಬೆಲೆಯಿಲ್ಲ. ಸಿಆರ್‌ಪಿಯಂಥ ನಿಯಂತ್ರಕ ಪ್ರೋಟೀನ್‌ಗಳ ತಾಣ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವುದರಿಂದ ಒಂದೇ ತಾಣ ಎರಡು ಸಲ ಪಟ್ಟಿಗೆ ಬರುತ್ತದೆ. ಅದನ್ನು ಎರಡು ಸಾಕ್ಷ್ಯವೆಂದು ಎಣಿಸಬಾರದು.

ಎ, ಟಿ, ಜಿ, ಸಿ ಎಂಬ ನಾಲ್ಕು ಬೇಸ್‌ಗಳ ಹಿನ್ನೆಲೆ ಪ್ರಮಾಣವನ್ನೂ ಆಯಾ ಜೀನೋಮಿನಿಂದಲೇ ಲೆಕ್ಕಹಾಕಿ ಕೊಡಬೇಕು. ಪ್ರೊಮೋಟರ್‌ನ ಟಿ-ಎ-ಟಿ-ಎ-ಎ-ಟಿ ಎಂಬ ಆರು ಅಕ್ಷರ ನಾಲ್ಕೂ ಬೇಸ್ ಸಮನಾಗಿರುವ ಜೀನೋಮ್‌ನಲ್ಲಿ 4,096 ಸ್ಥಾನಕ್ಕೊಮ್ಮೆ ಆಕಸ್ಮಿಕವಾಗಿ ಬರುತ್ತದೆ. ಜಿ-ಸಿ ಪ್ರಮಾಣ ಶೇ 33ರ ಆಸುಪಾಸಿನಲ್ಲಿರುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಸುಮಾರು 700 ಸ್ಥಾನಕ್ಕೊಮ್ಮೆ. ಶೇ 72ರ ಸ್ಟ್ರೆಪ್ಟೊಮೈಸಿಸ್‌ನಲ್ಲಿ 1.3 ಲಕ್ಷಕ್ಕೊಮ್ಮೆ. ತಂತ್ರಾಂಶ ಕೊಡುವ ಒಂದೇ ಅಂಕ ಈ ಮೂರು ಕಡೆ ಒಂದೇ ಅರ್ಥ ಕೊಡಲು ಸಾಧ್ಯವೇ ಇಲ್ಲ.

ಆರ್‌ಎನ್‌ಎ ಅನುಕ್ರಮ ದತ್ತಾಂಶ (ಆಗ ಯಾವ ಜೀನ್‌ಗಳು ಚಾಲೂ ಇದ್ದವು ಎಂಬುದರ ದಾಖಲೆ) ಸೇರಿಸಿಕೊಂಡರೆ ಊಹೆ ಗಟ್ಟಿಯಾಗುತ್ತದೆ, ಯಾವ ಎಳೆಯಿಂದ ಬಂದದ್ದೆಂಬ ಗುರುತು ಉಳಿಸಿಕೊಂಡ ಲೈಬ್ರರಿ (ಅನುಕ್ರಮ ಓದಲು ಸಿದ್ಧಪಡಿಸಿದ ತುಣುಕುಗಳ ಸಂಗ್ರಹ) ಆಗಿದ್ದರೆ ಮಾತ್ರ. ಹಾಗೆ ಗುರುತು ಉಳಿಸುವ ಡಿಯುಟಿಪಿ ವಿಧಾನದ ಲೈಬ್ರರಿಯನ್ನು ಫೀಚರ್‌ಕೌಂಟ್ಸ್ ಎಂಬ ತಂತ್ರಾಂಶದಲ್ಲಿ ಎಣಿಸುವಾಗ ಎಳೆಯ ಆಯ್ಕೆ 2 ಆಗಿರಬೇಕು. 1 ಕೊಟ್ಟರೆ ಹೆಚ್ಚಿನ ಜೀನ್‌ಗಳ ಎಣಿಕೆ ಸೊನ್ನೆಯ ಹತ್ತಿರ ಕುಸಿಯುತ್ತದೆ. ಎರಡು ಜೀನ್‌ಗಳ ಮೇಲೆ ಹಾಯುವ ರೀಡ್‌ಗಳನ್ನು (ಅನುಕ್ರಮ ಓದಿದ ತುಣುಕುಗಳನ್ನು) ಆ ತಂತ್ರಾಂಶ ತಾನಾಗಿಯೇ ಬಿಟ್ಟುಬಿಡುತ್ತದೆ ಎಂಬುದೂ ನೆನಪಿರಲಿ. ಆಪೆರಾನ್‌ಗೆ ಸಾಕ್ಷಿ ನುಡಿಯುವುದು ಅಂಥ ರೀಡ್‌ಗಳೇ. ಬ್ಯಾಕ್ಟೀರಿಯಾ ಬೆಳೆಸಿದ ಪರಿಸ್ಥಿತಿಯೂ ಮುಖ್ಯ. ಗ್ಲೂಕೋಸ್‌ನಲ್ಲಿ ಬೆಳೆದ ಇ. ಕೊಲೈನಲ್ಲಿ ಲ್ಯಾಕ್ ಜೀನ್‌ಗಳ ಮೇಲೆ ರೀಡ್‌ಗಳು ಕಾಣದಿದ್ದರೆ ಅಲ್ಲಿ ಆಪೆರಾನ್ ಇಲ್ಲವೆಂದಲ್ಲ, ಅದು ಆಗ ಮಲಗಿದೆ ಅಷ್ಟೇ.

ಒಂದು ಪ್ರಭೇದದ ನಿಯಂತ್ರಣ ಜಾಲವನ್ನು ಇನ್ನೊಂದಕ್ಕೆ ನಕಲು ಮಾಡುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇ. ಕೊಲೈಗೆ ಹತ್ತಿರದ ನಂಟಿನ ಸಾಲ್ಮೊನೆಲ್ಲಾದಲ್ಲಿ ಸಾಮಾನ್ಯವಾಗಿ ಲ್ಯಾಕ್ ಆಪೆರಾನೇ ಇಲ್ಲ.

ಇಂಥ ಸುದ್ದಿ ಪ್ರಕಟಿಸುವಾಗ ಸಂಶೋಧಕರನ್ನು ಎರಡು ವಿಷಯ ಕೇಳಬೇಕೆಂದು ನಿಮ್ಮ ವಿಜ್ಞಾನ ವರದಿಗಾರರಲ್ಲಿ ವಿನಂತಿ: ಜೀನೋಮ್‌ನ ಯಾವ ಆವೃತ್ತಿ ಬಳಸಿದರು, ಮತ್ತು ಹೇಳುತ್ತಿರುವ ನಿಯಂತ್ರಣ ಊಹೆಯೋ ಪ್ರಯೋಗದಿಂದ ಕಂಡದ್ದೋ. ಇ. ಕೊಲೈ ನಿಯಂತ್ರಣದ ದತ್ತಸಂಚಯವಾದ ರೆಗ್ಯುಲಾನ್‌ಡಿಬಿ ದುರ್ಬಲ, ಪ್ರಬಲ, ದೃಢಪಟ್ಟದ್ದು ಎಂದು ಸಾಕ್ಷ್ಯವನ್ನು ವಿಂಗಡಿಸಿಯೇ ಕೊಡುತ್ತದೆ. ಆ ಒಂದು ಪದ ಸುದ್ದಿಯಲ್ಲಿ ಸೇರಿದರೆ ಜಾಗವೇನೂ ಹೆಚ್ಚು ಹಿಡಿಯದು.

ಇತಿ,
ಜೀನೋಮ್ ವಿಶ್ಲೇಷಣೆಯಲ್ಲಿ ತೊಡಗಿರುವ ಓದುಗರು