ಪ್ರಕಾಶಕ ಸದಸ್ಯರ ಗಮನಕ್ಕೆ: ಸ್ಕ್ಯಾನಿಂಗ್ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಗೂಗಲ್ ಅನುಮತಿಯಿಲ್ಲದೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದರ ಕುರಿತ ಗೂಗಲ್ ಬುಕ್ಸ್ ತೀರ್ಪು ತೋರಿಸಿ "ಸ್ಕ್ಯಾನಿಂಗ್‌ಗೆ ಇನ್ನು ಅನುಮತಿಯೇ ಬೇಡ" ಎನ್ನುವವರನ್ನು ದಯವಿಟ್ಟು ನಂಬಬೇಡಿ. 2015ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಒಪ್ಪಿದ್ದು ಹುಡುಕಾಟಕ್ಕೆಂದು ಮಾಡಿದ ಸ್ಕ್ಯಾನಿಂಗನ್ನು. ಓದುಗರಿಗೆ ಕಾಣುತ್ತಿದ್ದದ್ದು ಸಾಮಾನ್ಯವಾಗಿ ಪುಟದ ಎಂಟನೇ ಒಂದರಷ್ಟು ತುಣುಕು. ಹತ್ತಕ್ಕೊಂದು ಪುಟ ಪೂರ್ತಿ ಮರೆ. ನಿಘಂಟು, ಅಡುಗೆ ಪುಸ್ತಕಗಳಿಗೆ ಆ ತುಣುಕೂ ಇಲ್ಲ. ಸ್ಕ್ಯಾನ್ ಮಾಡಿದ ಇಡೀ ಪುಸ್ತಕವನ್ನೇ ಎರವಲು ಕೊಟ್ಟ ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯ 2024ರಲ್ಲಿ ಅದೇ ನ್ಯಾಯಾಲಯದಲ್ಲಿ ಸೋತಿತು.

ಆದ್ದರಿಂದ ಇ-ಪುಸ್ತಕ, ಹುಡುಕಾಟ, ಎಐ ತರಬೇತಿ ಮೂರಕ್ಕೂ ಪ್ರತ್ಯೇಕ ಷರತ್ತು, ಪ್ರತ್ಯೇಕ ಅವಧಿ ಬರೆಸಿ. "ಎಲ್ಲ ಡಿಜಿಟಲ್ ಬಳಕೆ" ಎಂಬ ಒಂದೇ ಸಾಲು ಮೂರನ್ನೂ ಒಟ್ಟಿಗೆ ಬಿಟ್ಟುಕೊಟ್ಟಂತಾಗುತ್ತದೆ. ಲೇಖಕರಿಂದ ನೀವು ಮುದ್ರಣ ಹಕ್ಕನ್ನಷ್ಟೇ ಪಡೆದಿದ್ದರೆ ಡಿಜಿಟಲ್ ಹಕ್ಕು ಕೊಡಲು ನಿಮಗೆ ಅಧಿಕಾರವಿಲ್ಲ, ಮೊದಲು ಅವರ ಲಿಖಿತ ಒಪ್ಪಿಗೆ ತನ್ನಿ. ಹಳೆಯ ಪುಸ್ತಕಗಳ ಒಳಚಿತ್ರಗಳನ್ನೂ ನೋಡಿಕೊಳ್ಳಿ, ಅವುಗಳ ಹಕ್ಕು ಬೇರೆಯವರದಿರಬಹುದು. ಸ್ಕ್ಯಾನ್ ಕಡತಗಳ ಒಂದು ಪ್ರತಿ ನಿಮಗೂ ಬರಬೇಕು.