ಎರಡೂವರೆ ಸೆಕೆಂಡಿಗೆ ಕೃತಜ್ಞತೆ

2025ರ ಮಾರ್ಚ್ 28ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಇಸ್ರೋದ ಸೆಮಿ-ಕ್ರಯೋಜೆನಿಕ್ (ಸೀಮೆಎಣ್ಣೆ, ದ್ರವ ಆಮ್ಲಜನಕದಲ್ಲಿ ಓಡುವ) ರಾಕೆಟ್ ಎಂಜಿನ್ನಿನ ಪವರ್ ಹೆಡ್, ಅಂದರೆ ಇಂಧನ ನೂಕುವ ಭಾಗ, ಎರಡೂವರೆ ಸೆಕೆಂಡು ಉರಿಯಿತು. ಆ ಟೆಸ್ಟ್ ಸ್ಟ್ಯಾಂಡಿನಲ್ಲಿ ದುಡಿದ ಎಲ್ಲರಿಗೂ, ಫೋಟೊಗೆ ನಿಲ್ಲದವರಿಗೆ ಇನ್ನೂ ಒಂದು ಪಾಲು ಹೆಚ್ಚಾಗಿ, ನಮ್ಮ ವಂದನೆ.

ಇಷ್ಟಕ್ಕೇ ಇಷ್ಟು ಸಂಭ್ರಮವೇ ಎನ್ನುವವರು 2023ರ ಜುಲೈ 1ನ್ನು ನೆನೆಯಬೇಕು. ರಾಕೆಟ್ಟನ್ನು ತಳ್ಳುವ ಥ್ರಸ್ಟ್ ಚೇಂಬರ್ ಒಂದನ್ನು ಬಿಟ್ಟು ಟರ್ಬೊಪಂಪ್ (ಟರ್ಬೈನಿನಿಂದ ತಿರುಗುವ ಪಂಪು), ಅದಕ್ಕೆ ಬಿಸಿ ಅನಿಲ ಕೊಡುವ ಗ್ಯಾಸ್ ಜನರೇಟರ್ ಎಲ್ಲವೂ ಇದ್ದ ಇಂಥದೇ ಪವರ್ ಹೆಡ್ ಜೋಡಣೆ ಅಂದು ನಾಲ್ಕೂವರೆ ಸೆಕೆಂಡು ಉರಿಯಬೇಕಿತ್ತು. 1.9 ಸೆಕೆಂಡಿನ ತನಕ ಎಲ್ಲ ಲೆಕ್ಕದಂತೆ ನಡೆಯಿತು. 2.0ಕ್ಕೆ ಟರ್ಬೈನಿನ ಒತ್ತಡ ದಿಢೀರ್ ಏರಿ, ವೇಗ ಕುಸಿಯಿತು. ಕೂಡಲೇ ನಿಲ್ಲಿಸಿದರು. ಆ ನಿಲ್ಲಿಸಿದ್ದಕ್ಕೂ ಧನ್ಯವಾದ ಸಲ್ಲಬೇಕು. ಸುಟ್ಟುಹೋದ ಯಂತ್ರದಿಂದ ಕಾರಣ ಹುಡುಕುವುದು ಬಲು ಕಷ್ಟ.

ಬೆಂಕಿಗಿಂತ ಮೊದಲಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. 2023ರ ಮೇ ತಿಂಗಳ ಪರೀಕ್ಷೆಯಲ್ಲಿ ಚಿಲ್‌ಡೌನ್‌ಗೇ (ಭಾಗಗಳನ್ನು ಮೊದಲೇ ತಣಿಸುವುದಕ್ಕೇ) ಸುಮಾರು 15 ಗಂಟೆ ಹಿಡಿಯಿತು. ದ್ರವ ಆಮ್ಲಜನಕ ಮೈನಸ್ 183 ಡಿಗ್ರಿಯದು. ಪೈಪು, ಪಂಪು ಅಷ್ಟೇ ತಣ್ಣಗಾಗದಿದ್ದರೆ ದ್ರವ ಒಳಗೇ ಕುದಿದು ಆವಿಯಾಗುತ್ತದೆ. ಪಂಪಿಗೆ ಎಳೆಯಲು ದ್ರವವೇ ಸಿಗದು. ಆತುರದಿಂದ ತಣ್ಣಗಾಗಿಸಿದರೆ ಒಂದೊಂದು ಭಾಗ ಒಂದೊಂದು ಪ್ರಮಾಣದಲ್ಲಿ ಕುಗ್ಗಿ ಸೀಲುಗಳು ಸೋರುತ್ತವೆ. ಆಮ್ಲಜನಕದ ಕಡೆ ಪೂರ್ತಿ ತಣಿದ ಮೇಲಷ್ಟೇ ಸೀಮೆಎಣ್ಣೆಯ ಸಾಲು ತುಂಬಿಸುವುದು.

ದ್ರವ ಜಲಜನಕದ ಎಂಜಿನ್ನಾದರೆ ಇನ್ನೂ ನಾಜೂಕು. ಮೈನಸ್ 253 ಡಿಗ್ರಿಯಲ್ಲಿ ಪೈಪಿನೊಳಗೆ ಉಳಿದ ಗಾಳಿಯೂ ಹೆಪ್ಪುಗಟ್ಟುತ್ತದೆ, ನೈಟ್ರೋಜನ್ನೂ ಅಷ್ಟೇ. ಹಾಗಾಗಿ ದುಬಾರಿಯಾದರೂ ಹೀಲಿಯಂನಿಂದಲೇ ಶುದ್ಧ ಮಾಡಬೇಕು. 2010ರ ಏಪ್ರಿಲ್ 15ರಂದು ಇಸ್ರೋದ ರಾಕೆಟ್ ಜಿಎಸ್‌ಎಲ್‌ವಿ-ಡಿ3 ಬಿದ್ದದ್ದು ಇಂಥ ಎಂಜಿನ್ನಿನ ಇಂಧನ ಬೂಸ್ಟರ್ ಟರ್ಬೊಪಂಪ್ ನಿಂತು. ಅದಾದ ಮೇಲೆ, ಆಕಾಶದ ನಿರ್ವಾತವನ್ನು ನೆಲದಲ್ಲೇ ಸೃಷ್ಟಿಸುವ ಮಹೇಂದ್ರಗಿರಿಯ ಹೈ ಆಲ್ಟಿಟ್ಯೂಡ್ ಸ್ಟ್ಯಾಂಡಿನಲ್ಲಿ ಎಂಜಿನ್ ಹೊತ್ತಿಸಿ ನೋಡಿದರು. 2014ರ ಜನವರಿ 5ರಂದು ಅದೇ ಸರಣಿಯ ಡಿ5 ರಾಕೆಟ್ ಗೆದ್ದಿತು.

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಹೊರಬೇಕಾದ ಇಸ್ರೋದ ಜಲಜನಕ ಎಂಜಿನ್ ಸಿಇ-20ಕ್ಕೆ ಬೇಕಿದ್ದದ್ದು ಕನಿಷ್ಠ 6350 ಸೆಕೆಂಡುಗಳ ಪರೀಕ್ಷೆ. 2024ರ ಫೆಬ್ರವರಿ ಹೊತ್ತಿಗೆ ನಾಲ್ಕು ಎಂಜಿನ್ನುಗಳನ್ನು 39 ಸಲ, ಒಟ್ಟು 8810 ಸೆಕೆಂಡು ಉರಿಸಿದ್ದರು. ಅಷ್ಟೂ ಸಲ ವಾಲ್ವ್ ತೆರೆದವರಿಗೆ, ಸೋರಿಕೆ ಹುಡುಕಿದವರಿಗೆ, ಒತ್ತಡದ ಗೆರೆಯಿಂದ ಕಣ್ಣು ಕೀಳದೆ ಕೂತವರಿಗೆ ನಾವು ಋಣಿಗಳು.