ಗುಡ್ಡದ ಸೈಕಲ್ ದಾರಿಯ ಬಗ್ಗೆ ಮನೆಗೊಂದು ಕಾಗದ

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿ ಮತ್ತು ತಮ್ಮನಿಗೆ,

ಅಮ್ಮಾ, ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಈ ನೆದರ್‌ಲ್ಯಾಂಡ್ಸ್‌ನ ಕಾಡಿನಲ್ಲಿ ಒಬ್ಬಳೇ ಸೈಕಲ್ ಹೊಡೆಯೋಕೆ ಹೆದರಿಕೆ ಆಗಲ್ವಾ ಅಂತ ಕೇಳಿದ್ದೆ. ಆಗುವುದಿಲ್ಲ. ರಜೆಯ ದಿನ ಆ ದಾರಿಯಲ್ಲಿ ಒಬ್ಬಳೇ ಇರುವುದೇ ಕಷ್ಟ. ವಯಸ್ಸಾದ ಗಂಡ ಹೆಂಡತಿ ಬ್ಯಾಟರಿ ಸೈಕಲ್ಲಿನಲ್ಲಿ ಆರಾಮಾಗಿ ಏರು ಹತ್ತುತ್ತಾ ನನ್ನನ್ನು ಮಾತಾಡಿಸಿ ಮುಂದೆ ಹೋಗುತ್ತಾರೆ, ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡ ತಾಯಂದಿರು ಬರುತ್ತಾರೆ, ಶಾಲೆ ಮಕ್ಕಳು ಬರುತ್ತಾರೆ. ಇಲ್ಲಿ ಆನೆ ಇಲ್ಲ, ಚಿರತೆ ಇಲ್ಲ. ಕಾಡುಹಂದಿ ಇದೆ, ದೊಡ್ಡ ಕೊಂಬಿನ ಕೆಂಪು ಜಿಂಕೆ ಇದೆ. ತೋಳವೂ ಇದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಬಹಳ ಕಾಲ ಈ ದೇಶದಲ್ಲೇ ಇಲ್ಲದ ತೋಳ ತಾನಾಗಿ ವಾಪಸ್ ಬಂದು 2019ರಲ್ಲಿ ಈ ಕಡೆ ಕಾಡಿನಲ್ಲಿ ಮರಿ ಹಾಕಿತು. ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ನಾನು ಗುರುತು ಹಾಕಿದ ದಾರಿ ಬಿಟ್ಟು ಇಳಿಯುವುದಿಲ್ಲ, ಕತ್ತಲಾಗುವ ಮೊದಲೇ ರೂಮು ಸೇರುತ್ತೇನೆ. ಸಮಾಧಾನ ಆಯ್ತಾ?

ಜಾಗದ ಹೆಸರು ವೇಲುವೆಜೋಮ್. ನಾನಿರುವ ವಾಗೆನಿಂಗನ್ ಊರಿನಿಂದ ಆರ್ನೆಮ್ ಪಟ್ಟಣ ದಾಟಿ ಹೋಗಬೇಕು. ಒಮ್ಮೊಮ್ಮೆ ಸೈಕಲ್ಲಿಗೂ ಟಿಕೆಟ್ ತಗೊಂಡು ರೈಲಿನಲ್ಲಿ ರೇಡನ್ ಎಂಬ ಊರಿನಲ್ಲಿ ಇಳಿಯುತ್ತೇನೆ, ಅಲ್ಲಿಂದಲೇ ಏರು ಶುರು. ನೆದರ್‌ಲ್ಯಾಂಡ್ಸ್‌ನ ಮೊದಲ ರಾಷ್ಟ್ರೀಯ ಉದ್ಯಾನ ಇದು, 1930ರಲ್ಲಿ ಆದದ್ದು. ಗುಡ್ಡ ಅಂದಾಗ ಕುಂದಾದ್ರಿ ನೆನಪು ಮಾಡಿಕೊಳ್ಳಬೇಡಿ. ಇಲ್ಲಿನ ತುತ್ತತುದಿ ಸುಮಾರು 110 ಮೀಟರ್, ನಮ್ಮ ಆಗುಂಬೆ 600 ಮೀಟರ್‌ಗೂ ಮೇಲಿದೆ. ಆದರೆ ಇಡೀ ದೇಶವೇ ಚಪ್ಪಟೆ ಇರುವಾಗ ಈ ಏರುಗಳಿಗೆ ಬೇರೆಯೇ ಬೆಲೆ. ಪೋಸ್‌ಬ್ಯಾಂಕ್ ಅನ್ನುವ ದಿಣ್ಣೆ ಹತ್ತುವಾಗ ನನ್ನ ಗೇರು ಎಲ್ಲಾ ಮುಗಿದು ಉಸಿರು ಬಾಯಿಗೆ ಬರುತ್ತದೆ. ಮೇಲೆ ಹೋಗಿ ನಿಂತರೆ ಕೆಳಗೆ ಐಸೆಲ್ ನದಿಯ ಬಯಲು ಪೂರ್ತಿ ಕಾಣುತ್ತದೆ. ಅಲ್ಲೇ ಪೋಸ್ ಎಂಬವರ ನೆನಪಿಗೆ ಒಂದು ಬೆಂಚು ಕಟ್ಟಿದ್ದಾರೆ. ಅವರು ಸೈಕಲ್ ಸವಾರರ ಸಂಘದ ಅಧ್ಯಕ್ಷರಾಗಿದ್ದವರು. 1883ರಲ್ಲಿ ಸೈಕಲ್ಲಿನವರು ಸೇರಿ ಶುರು ಮಾಡಿದ ಆ ಸಂಘ ಇವತ್ತಿಗೂ ಇದೆ, ಈಗ ಕಾರಿನವರಿಗೂ ಅದೇ ಸಹಾಯಕ್ಕೆ ಬರುತ್ತದೆ.

ದಾರಿ ತಪ್ಪುವ ಭಯವೂ ಬೇಡ. ಕೂಡುದಾರಿಗಳಲ್ಲಿ ಆ ಸಂಘದವರೇ ನೆಟ್ಟ ಅಣಬೆ ಆಕಾರದ ಗಿಡ್ಡ ಕಂಬಗಳಿವೆ, ಯಾವ ಊರು ಯಾವ ಕಡೆ, ಎಷ್ಟು ದೂರ ಅಂತ ಅದರ ತಲೆಯ ಮೇಲೆ ಬರೆದಿರುತ್ತದೆ. ಇದಲ್ಲದೆ ದೇಶದ ತುಂಬಾ ಕೂಡುದಾರಿಗಳಿಗೆ ನಂಬರ್ ಕೊಟ್ಟಿದ್ದಾರೆ. ಹೊರಡುವಾಗ ಐದಾರು ನಂಬರ್ ಒಂದು ಚೀಟಿಯಲ್ಲಿ ಬರೆದುಕೊಂಡರೆ ಮುಗಿಯಿತು, ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು ಹಿಡಿದು ಹೋದರೆ ಮೊಬೈಲ್ ತೆಗೆಯುವ ಕೆಲಸವೇ ಇಲ್ಲ. ಇದು ಪಕ್ಕದ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ 1995ರಲ್ಲಿ ಶುರುವಾದದ್ದು, ಒಬ್ಬ ಗಣಿ ಇಂಜಿನಿಯರ್ ಯೋಚನೆ. ತಮ್ಮಾ, ನೀನು ಇದನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೋ, ಆಮೇಲೆ ಹೇಳುತ್ತೇನೆ.

ಅಪ್ಪಾ, ಈಗ ನಿಮಗೆ. ಈ ಆಗಸ್ಟ್ ಕೊನೆಗೆ ಗುಡ್ಡವೆಲ್ಲಾ ನೇರಳೆ. ಹೈಡೆ ಅನ್ನುವ ಮೊಣಕಾಲೆತ್ತರದ ಕುರುಚಲು ಗಿಡ ಹೂ ಬಿಟ್ಟಿದೆ, ಜೇನುನೊಣದ ಸದ್ದು ಸೈಕಲ್ ಮೇಲೆ ಕೂತವರಿಗೂ ಕೇಳುತ್ತದೆ. ನೋಡೋಕೆ ಬಹಳ ಚೆಂದ, ಜನ ಅದಕ್ಕೇ ಬರುವುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದರ ಹಿಂದಿನ ಕಥೆ. ಇದು ತಾನಾಗಿ ಹುಟ್ಟಿದ ಬಯಲಲ್ಲ, ರೈತರು ಮಾಡಿದ್ದು. ನೂರಾರು ವರ್ಷ ಇಲ್ಲಿಯವರು ಗುಡ್ಡದಲ್ಲಿ ಕುರಿ ಮೇಯಿಸಿದರು, ಹೈಡೆ ಗಿಡವನ್ನು ಬೇರು ಮಣ್ಣಿನ ಸಮೇತ ಹೆಂಟೆ ಹೆಂಟೆಯಾಗಿ ಕೆತ್ತಿ ತಂದು ಕೊಟ್ಟಿಗೆಗೆ ಹಾಸಿದರು, ಸಗಣಿ ಗಂಜಳ ಸೇರಿ ಗೊಬ್ಬರವಾದ ಮೇಲೆ ಹೊಲಕ್ಕೆ ಹಾಕಿದರು. ಓದುವಾಗ ನನಗೆ ನಮ್ಮ ಸೊಪ್ಪಿನಬೆಟ್ಟ ಕಣ್ಣಿಗೆ ಕಟ್ಟಿತು. ಅಜ್ಜಿ ಸೊಪ್ಪಿನ ಹೊರೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಿದ್ದದ್ದು, ಆಮೇಲೆ ಅದೇ ಗೊಬ್ಬರ ಅಡಿಕೆ ಮರದ ಬುಡಕ್ಕೆ ಹೋಗುತ್ತಿದ್ದದ್ದು, ಎಲ್ಲಾ ಅದೇ ಲೆಕ್ಕ ಅಲ್ವಾ? ಅಜ್ಜಿಗೆ ಇದನ್ನು ಓದಿ ಹೇಳಿ. ಆದರೆ ಒಂದು ವ್ಯತ್ಯಾಸ ಇದೆ. ನಾವು ಸೊಪ್ಪು ಕಡಿದರೂ ಮರ ನಿಂತಿರುತ್ತದೆ, ಮತ್ತೆ ಚಿಗುರುತ್ತದೆ. ಇವರು ಮಣ್ಣನ್ನೇ ಕೆತ್ತಿದ್ದರಿಂದ ಗುಡ್ಡ ಬಡವಾಯಿತು, ಕೆಲವು ಕಡೆ ಮರಳು ಹಾರತೊಡಗಿತು. ರಾಸಾಯನಿಕ ಗೊಬ್ಬರ ಬಂದ ಮೇಲೆ ಈ ಪದ್ಧತಿ ನಿಂತಿತು. ನಿಂತ ಮೇಲೆ ಹೈಡೆ ಬಯಲಿನಲ್ಲಿ ಪೈನ್, ಬರ್ಚ್ ಸಸಿಗಳು ಮೇಲೆದ್ದವು, ಹಾಗೇ ಬಿಟ್ಟರೆ ಮತ್ತೆ ಕಾಡೇ. ಬಯಲನ್ನು ಉಳಿಸಲು ಈಗ ಸ್ಕಾಟ್ಲೆಂಡಿನ ಉದ್ದ ಕೂದಲಿನ ದನಗಳನ್ನು ಮೇಯಲು ಬಿಟ್ಟಿದ್ದಾರೆ. ದಾರಿಗೆ ಅಡ್ಡ ಮಲಗಿದ್ದರೆ ಸೈಕಲ್ ಇಳಿದು ಕಾಯಬೇಕು, ಹತ್ತಿರ ಹೋಗುವಂತಿಲ್ಲ.

ಮಣ್ಣಿನ ವಿಷಯವೂ ಬರೆಯದೆ ಇರಲು ಆಗುತ್ತಿಲ್ಲ, ಓದುತ್ತಿರುವುದೇ ಅದು. ಸುಮಾರು 1,50,000 ವರ್ಷದ ಹಿಂದೆ ಉತ್ತರದಿಂದ ಬಂದ ಹಿಮದ ರಾಶಿ ನದಿಗಳ ಮರಳು, ಜಲ್ಲಿಯನ್ನು ದೂಡಿ ದೂಡಿ ಎಬ್ಬಿಸಿದ ಗುಡ್ಡಗಳು ಇವು. ದಾರಿ ಕಡಿದ ಜಾಗದಲ್ಲಿ ಸೈಕಲ್ ನಿಲ್ಲಿಸಿ ನೋಡಿದರೆ ಮೇಲೆ ಕಪ್ಪು ಪದರ, ಅದರ ಕೆಳಗೆ ಬೂದಿ ಬಣ್ಣ, ಅದಕ್ಕೂ ಕೆಳಗೆ ಕಂದು. ಹುಳಿ ಮಣ್ಣಿನಲ್ಲಿ ಇಳಿಯುವ ಮಳೆನೀರು ಮೇಲಿನ ಕಬ್ಬಿಣದ ಅಂಶವನ್ನು ಕೆಳಗೆ ಒಯ್ದುಬಿಡುತ್ತದೆ, ಅದಕ್ಕೇ ಬೂದಿ ಬಣ್ಣ. ನಮ್ಮಲ್ಲಿ ಆಗುವುದು ಬೇರೆ. ಬಿಸಿಲು ಮತ್ತು ಆ ಪಾಟಿ ಮಳೆಗೆ ಉಳಿದದ್ದೆಲ್ಲಾ ತೊಳೆದುಹೋಗಿ ಕಬ್ಬಿಣವೇ ಉಳಿಯುತ್ತದೆ, ಜಂಬಿಟ್ಟಿಗೆ ಕಲ್ಲು ಕೆಂಪಾಗಿರುವುದು ಆ ಕಾರಣಕ್ಕೆ. ಕಾರಿನಲ್ಲಿ ಹೋಗಿದ್ದರೆ ಇದೊಂದೂ ಕಾಣುತ್ತಿರಲಿಲ್ಲ. ಸೈಕಲ್ ಆದ್ದರಿಂದ ಬೇಕೆಂದಲ್ಲಿ ಕಾಲು ಊರಿ ನಿಲ್ಲಬಹುದು, ಸದ್ದು ಮಾಡದೆ ಹೋಗಬಹುದು, ವಾಸನೆ ಗೊತ್ತಾಗುತ್ತದೆ. ಬೀಚ್ ಎಂಬ ಕಾಡುಮರಗಳ ನೆರಳಿಗೆ ನುಗ್ಗಿದ ಕೂಡಲೇ ಮೈಗೆ ತಂಪು ಹತ್ತುವುದು ಎಷ್ಟು ಹಿತ ಅಂದರೆ, ಏರು ಹತ್ತಿದ ಸುಸ್ತೆಲ್ಲಾ ಅಲ್ಲೇ ಮರೆತುಹೋಗುತ್ತದೆ.

ತಮ್ಮಾ, ಈಗ ನಿನಗೆ. ನಮ್ಮ ಕಡೆ ಇದಕ್ಕಿಂತ ನೂರು ಪಾಲು ದೊಡ್ಡ ಸಂಪತ್ತಿದೆ ಅಂತ ನಾನು ಮನಸಾರೆ ನಂಬಿದ್ದೇನೆ. ಈ ಉದ್ಯಾನ ಬರೀ 50 ಚದರ ಕಿಲೋಮೀಟರ್, ನಮ್ಮ ಶೆಟ್ಟಿಹಳ್ಳಿ ಅಭಯಾರಣ್ಯ ಸುಮಾರು 395. ಮಂಡಗದ್ದೆಯ ಕೊಕ್ಕರೆಗಳು, ಗಾಜನೂರಿನ ಹಿನ್ನೀರು, ಸಕ್ರೆಬೈಲಿನ ಆನೆ, ಎಲ್ಲಾ ಶಿವಮೊಗ್ಗ ತೀರ್ಥಹಳ್ಳಿ ರಸ್ತೆಯಲ್ಲೇ ಸಿಗುತ್ತವೆ. ಆದರೆ ಆ ರಸ್ತೆಯಲ್ಲಿ ಬಸ್ಸು ಲಾರಿ ಬರುವ ರಭಸಕ್ಕೆ ಸೈಕಲ್ಲಿನವನು ಚರಂಡಿಗೆ ಇಳಿಯಬೇಕು. ಅದು ನನಗೆ ನಿಜವಾಗಿ ನೋವು. ನೀನು ಗೆಳೆಯರ ಜೊತೆ ಅಭಯಾರಣ್ಯದ ಒಳಗೇ ಸೈಕಲ್ ಬಿಡುವ ಮಾತಾಡಿದ್ದೆ, ಅದು ಬೇಡ. ಅಲ್ಲಿ ಆನೆ ಓಡಾಡುತ್ತದೆ, ಅದು ಅವುಗಳ ಮನೆ, ಅನುಮತಿ ಇಲ್ಲದೆ ಹೋಗಲೇಬಾರದು. ಇದಕ್ಕಾಗಿ ಹೊಸ ರಸ್ತೆ ಕಡಿಯಿರಿ ಅಂತಲೂ ನಾನು ಹೇಳುವುದಿಲ್ಲ. ನಮ್ಮ ಊರೂರಿನ ನಡುವೆ ಹಳೇ ಗಾಡಿದಾರಿಗಳಿವೆ, ತೋಟದ ಅಂಚಿನ ದಾರಿಗಳಿವೆ. ಅವಕ್ಕೆ ಒಂದೊಂದು ನಂಬರ್ ಬರೆದ ಹಲಗೆ ಹೊಡೆದರೂ ಸಾಕು, ಊರಿನ ಮಕ್ಕಳು, ವಯಸ್ಸಾದವರು ಹೆದರದೆ ಹೋಗಿಬರಬಹುದು. ನಿಮ್ಮ ಯುವಕ ಸಂಘದಲ್ಲಿ ಒಮ್ಮೆ ಮಾತಾಡಿ ನೋಡು, ಪಂಚಾಯತಿಯವರನ್ನೂ ಕೇಳು.

ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ನಾನು ಬರುತ್ತೇನೆ. ಅಷ್ಟರೊಳಗೆ ಅಟ್ಟದ ಮೇಲಿರುವ ಅಪ್ಪನ ಸೈಕಲ್ ಇಳಿಸಿ ಎರಡೂ ಟೈರು, ಟ್ಯೂಬು, ಬ್ರೇಕ್ ರಬ್ಬರ್ ಹಾಕಿಸಿಡು, ದುಡ್ಡು ನಾನು ಕಳಿಸುತ್ತೇನೆ. ಇಳಿಜಾರಿನಲ್ಲಿ ಬ್ರೇಕ್ ಸರಿಯಾಗಿ ಹಿಡಿಯಬೇಕು, ಅದೇ ಮುಖ್ಯ. ತೀರ್ಥಹಳ್ಳಿಯಿಂದ ಕುಪ್ಪಳಿವರೆಗೆ ಮೂವರೂ ಹೋಗೋಣ, ಕವಿಶೈಲದ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚೋಣ. ಅಪ್ಪಾ, ಮಂಡಿ ನೋವು ಅನ್ನಬೇಡಿ, ಏರು ಬಂದಲ್ಲಿ ಇಳಿದು ತಳ್ಳಿಕೊಂಡು ಹೋದರೆ ಆಯಿತು, ನಾನೂ ನಿಮ್ಮ ಜೊತೆ ತಳ್ಳುತ್ತೇನೆ.

ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆದಾಯ್ತಾ? ಈ ಸಲ ಮಳೆ ಜಾಸ್ತಿ ಅಂತ ಕೇಳಿದೆ, ಕೊಳೆ ರೋಗ ಹೇಗಿದೆ ಬರೆಯಿರಿ. ಗೌರಿ ಹಬ್ಬದ ದಿನ ಬೆಳಿಗ್ಗೆ ಫೋನ್ ಮಾಡುತ್ತೇನೆ, ಅಜ್ಜಿಯನ್ನು ಹತ್ತಿರ ಕೂರಿಸಿಕೊಳ್ಳಿ.

ಇಂತಿ ನಿಮ್ಮ ಪ್ರೀತಿಯ ಮಗಳು